ಕುಲುಕಾಟಕ್ಕೂ ಒಂದು ಲೆಕ್ಕವುಂಟು

ಮೋಟಾರು ಕಾರುಗಳ ಲೋಕದಲ್ಲಿ ಒಂದು ವಿಚಿತ್ರವಾದ ನ್ಯಾಯವುಂಟು. ಹೊಸದಾಗಿದ್ದಾಗ ಕಾರು ಎಷ್ಟು ದುಬಾರಿಯೋ ಹಳೆಯದಾದಂತೆ ಅದರ ಬೆಲೆ ಅಷ್ಟೇ ವೇಗದಿಂದ ಕುಸಿಯುತ್ತದೆ. ಸಿರಿವಂತರೊಬ್ಬರು ಅರ್ಧ ಕೋಟಿ ರೂಪಾಯಿ ತೆತ್ತು ಕೊಂಡ ಜರ್ಮನಿಯ ಕಾರು ಹತ್ತು ಹನ್ನೆರಡು ವರ್ಷಗಳಾದ ಮೇಲೆ ಹೊಸ ಸಣ್ಣ ಕಾರಿನ ಬೆಲೆಗೆ ದೊರೆಯುವುದುಂಟು. ಹೀಗೆ ಕೈ ಬದಲಾಯಿಸಿದ ಕಾರುಗಳು ಈಗ ಶಿವಮೊಗ್ಗದಂತಹ ಊರುಗಳಿಗೂ ಬಂದಿವೆ. ಗೋಪಾಳದ ಬೀದಿಗಳಲ್ಲಿ ಸಂಜೆ ನಡೆದುಹೋಗುವವರ ಕಣ್ಣಿಗೆ ಅಂತಹ ಒಂದೆರಡಾದರೂ ಬೀಳದೆ ಇರವು.

ಇವನ್ನು ಕೊಳ್ಳುವವರು ಬಯಸುವುದು ವೇಗವನ್ನಲ್ಲ; ಮೆತ್ತನೆಯ ಸವಾರಿಯನ್ನು ಮತ್ತು ಮೌನವನ್ನು. 1958ರಲ್ಲಿ ಡೇವಿಡ್ ಓಗಿಲ್ವಿ ಎಂಬವರು ರೋಲ್ಸ್-ರಾಯ್ಸ್ ಕಾರಿಗಾಗಿ ಬರೆದ ಜಾಹೀರಾತೊಂದು ಪ್ರಸಿದ್ಧವಾಗಿದೆ. ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗಲೂ ಆ ಕಾರಿನೊಳಗೆ ಕೇಳಿಬರುವ ಅತಿ ದೊಡ್ಡ ಸದ್ದು ಅದರ ವಿದ್ಯುತ್ ಗಡಿಯಾರದ್ದು ಎಂದು ಅದು ಸಾರಿತು. ಬೆಲೆಬಾಳುವ ಕಾರಿನಿಂದ ಜನ ಏನನ್ನು ನಿರೀಕ್ಷಿಸುತ್ತಾರೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಆದರೆ ಹಳೆಯ ಕಾರನ್ನು ಕೊಂಡವರಿಗೆ ದೊರೆಯುವುದು ಸಾಮಾನ್ಯವಾಗಿ ಬೇರೊಂದು ಅನುಭವ. ಹೊಂಡ ಸಿಕ್ಕಿದರೆ ‘ಧಡ್’ ಎಂಬ ಪೆಟ್ಟು, ನಿಂತಲ್ಲಿ ಸಣ್ಣಗೆ ನಡುಕ, ಹೆದ್ದಾರಿಯಲ್ಲಿ ಮಾತು ಕೇಳಿಸದಷ್ಟು ಗುಂಯ್‌ಗುಡುವ ಶಬ್ದ.

ಅಡಿಕೆ ವ್ಯಾಪಾರದಲ್ಲಿರುವ ನನ್ನ ಪರಿಚಿತರೊಬ್ಬರಿಗೂ ಹೀಗೆಯೇ ಆಯಿತು. ಯಾರೋ ಕೊಟ್ಟ ಸಲಹೆಯಂತೆ ಅವರು ಕಾರಿನ ಬಾಗಿಲು, ನೆಲ, ಛಾವಣಿಗಳ ಒಳಮೈಗೆಲ್ಲ ಸದ್ದನ್ನು ತಡೆಯುವ ರಬ್ಬರಿನ ಶೀಟುಗಳನ್ನು ಅಂಟಿಸಲು ಸಿದ್ಧರಾಗಿದ್ದರು. ಅದಕ್ಕೆ ತಗಲುವ ವೆಚ್ಚ ಒಂದು ಕುಟುಂಬದ ಹಲವು ತಿಂಗಳ ಖರ್ಚಿಗೆ ಸಮನಾಗಿತ್ತು. ಅದು ಫಲ ಕೊಡುವುದೇ ಎಂಬ ಅವರ ಪ್ರಶ್ನೆಗೆ ಭೌತಶಾಸ್ತ್ರವು ಮರುಪ್ರಶ್ನೆಯೊಂದನ್ನು ಹಾಕುತ್ತದೆ: ಆ ಕುಲುಕಾಟ, ಆ ಸದ್ದು, ಸೆಕೆಂಡಿಗೆ ಎಷ್ಟು ಸಲ?

ಸೆಕೆಂಡಿಗೆ ಎಷ್ಟು ಸಲ ಎಂಬುದೇ ಕಂಪನದ ಆವೃತ್ತಿ. ಅದರ ಮಾನ ಹರ್ಟ್ಸ್. ಕಾರಿನಲ್ಲಿ ಉಂಟಾಗುವ ಕಂಪನಗಳು ಸೆಕೆಂಡಿಗೆ ಒಂದರಿಂದ ಹಿಡಿದು ಹಲವು ಸಾವಿರದವರೆಗೆ ಹಬ್ಬಿವೆ. ಇಷ್ಟು ವಿಶಾಲವಾದ ವ್ಯಾಪ್ತಿಯನ್ನೆಲ್ಲ ಹಿಡಿದಿಡಬಲ್ಲ ಒಂದೇ ವಸ್ತು ಯಾವುದೂ ಇಲ್ಲ. ಸ್ಪ್ರಿಂಗು ಒಂದು ಶ್ರೇಣಿಯನ್ನು, ರಬ್ಬರಿನ ಬುಷ್ಷು ಮತ್ತೊಂದನ್ನು, ಟಯರು ಇನ್ನೊಂದನ್ನು, ಶೀಟು ಮಗದೊಂದನ್ನು ನೋಡಿಕೊಳ್ಳುತ್ತವೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಜ್ವರದ ಮೂಲವನ್ನು ತಿಳಿಯದೆ ಮದ್ದು ಕುಡಿಸಿದಂತೆ, ಆವೃತ್ತಿಯನ್ನು ತಿಳಿಯದೆ ಕಾರಿಗೆ ಹಣ ಸುರಿಯುವುದು.

ಉಕ್ಕಿನ ಪಾಲು

ಎಲ್ಲಕ್ಕಿಂತ ನಿಧಾನವಾದ ಕಂಪನ ಕಾರಿನ ಇಡೀ ಒಡಲಿನದು. ನಾಲ್ಕು ಸ್ಪ್ರಿಂಗುಗಳ ಮೇಲೆ ಕುಳಿತ ಈ ಒಡಲು ಪಾಠಪುಸ್ತಕದ ಸರಳ ಸಂಗತ ಚಲನೆಗೆ ಒಳ್ಳೆಯ ನಿದರ್ಶನ. ಸ್ಪ್ರಿಂಗು ಭಾರದ ಕೆಳಗೆ ಎಷ್ಟು ಕುಗ್ಗಿದೆಯೆಂಬ ಒಂದೇ ಸಂಗತಿಯಿಂದ ಅದರ ಆವೃತ್ತಿಯನ್ನು ಹೇಳಿಬಿಡಬಹುದು. ಆ ಕುಗ್ಗುವಿಕೆಯಷ್ಟು ಉದ್ದದ ಲೋಲಕವೊಂದನ್ನು ತೂಗಿಬಿಟ್ಟರೆ ಅದೂ ಅದೇ ಲಯದಲ್ಲಿ ಆಡುತ್ತದೆ. ಸೆಕೆಂಡಿಗೆ ಒಂದು ಸಲ ಆಡಬೇಕಾದರೆ ಸ್ಪ್ರಿಂಗು ಸುಮಾರು 25 ಸೆಂ.ಮೀ. ಕುಗ್ಗಿರಬೇಕು, ಒಂದೂವರೆ ಸಲ ಆಡಬೇಕಾದರೆ 11 ಸೆಂ.ಮೀ. ಸಾಕು. ಸುಖಕ್ಕೆಂದೇ ನಿರ್ಮಿಸಿದ ಕಾರುಗಳಲ್ಲಿ ಈ ಆವೃತ್ತಿ ಒಂದರಿಂದ ಒಂದೂವರೆ ಹರ್ಟ್ಸಿನ ನಡುವೆ ಇರುತ್ತದೆ.

ಇದೇ ಏಕೆ? ಉತ್ತರ ನಮ್ಮ ದೇಹದಲ್ಲಿದೆ. ನಡೆಯುವಾಗ ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ, ಹೆಜ್ಜೆಗೊಮ್ಮೆ ಮೈ ಏರಿಳಿಯುತ್ತದೆ. ಹುಟ್ಟಿ ನಡೆಯಲಾರಂಭಿಸಿದಂದಿನಿಂದ ಅಭ್ಯಾಸವಾದ ಈ ಲಯದ ಸಮೀಪದ ಕುಲುಕಾಟ ನಮ್ಮನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ 4ರಿಂದ 8 ಹರ್ಟ್ಸಿನ ಮೇಲು-ಕೆಳಗಿನ ಕಂಪನಕ್ಕೆ ಹೊಟ್ಟೆ, ಎದೆ, ಬೆನ್ನೆಲುಬುಗಳು ಬಹು ಬೇಗ ಓಗೊಡುತ್ತವೆ. ಕುಳಿತ ಮನುಷ್ಯನಿಗೆ ಅತ್ಯಂತ ಅಸಹ್ಯವಾದ ಶ್ರೇಣಿ ಅದೇ. ಇನ್ನು ಅರ್ಧ ಹರ್ಟ್ಸಿಗಿಂತ ಕೆಳಗಿಳಿದರೆ ಕಾರು ದೋಣಿಯಂತೆ ತೂಗಾಡಿ ವಾಂತಿ ಬರಿಸುತ್ತದೆ. ಹೀಗೆ ಕೆಳಗೊಂದು ಗಂಡಾಂತರ, ಮೇಲೊಂದು ಗಂಡಾಂತರ. ನಡುವಣ ಕಿರಿದಾದ ಹಾದಿಯಲ್ಲಿ ಕಾರಿನ ಶಿಲ್ಪಿಗಳು ನಡೆಯಬೇಕಾಗಿದೆ.

ಮುಂದಿನ ಸ್ಪ್ರಿಂಗಿಗೂ ಹಿಂದಿನ ಸ್ಪ್ರಿಂಗಿಗೂ ಒಂದೇ ಆವೃತ್ತಿ ಇರಬಾರದೆಂಬುದು ಇನ್ನೂ ಸ್ವಾರಸ್ಯವಾದ ಸಂಗತಿ. ಮುಂದಿನ ಚಕ್ರ ಉಬ್ಬನ್ನು ಹತ್ತಿದ ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಚಕ್ರ ಹತ್ತುತ್ತದೆ. ಚಕ್ರಗಳ ನಡುವಣ ಅಂತರ 2.8 ಮೀಟರ್, ವೇಗ ಗಂಟೆಗೆ 50 ಕಿ.ಮೀ. ಆದರೆ ಈ ವಿಳಂಬ ಸೆಕೆಂಡಿನ ಐದನೆಯ ಒಂದು ಭಾಗ. ಎರಡೂ ಕಡೆ ಲಯ ಒಂದೇ ಆಗಿದ್ದರೆ ಮೂತಿ ಇಳಿಯುವಾಗ ಬಾಲ ಏರಿ, ಕಾರು ಮರದ ಕುದುರೆಯಂತೆ ಮುಗ್ಗರಿಸುತ್ತ ಹೋಗುತ್ತದೆ. ಹಿಂದಿನ ಸ್ಪ್ರಿಂಗನ್ನು ಕೊಂಚ ಬಿಗಿಯಾಗಿಸಿದರೆ ತಡವಾಗಿ ಹೊರಟ ಹಿಂಭಾಗ ಬೇಗನೆ ಮುಂಭಾಗವನ್ನು ಕೂಡಿಕೊಳ್ಳುತ್ತದೆ. ಮುಗ್ಗರಿಕೆ ಹೋಗಿ ಮಟ್ಟಸವಾದ ಏರಿಳಿತ ಉಳಿಯುತ್ತದೆ. ರೋಲ್ಸ್-ರಾಯ್ಸ್‌ನಲ್ಲಿ ಪಳಗಿ 1930ರ ದಶಕದಲ್ಲಿ ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯಲ್ಲಿ ದುಡಿದ ಮಾರಿಸ್ ಆಲಿ ಎಂಬ ಆಂಗ್ಲ ಎಂಜಿನಿಯರು ಪ್ರಯೋಗಗಳಿಂದ ತೋರಿಸಿಕೊಟ್ಟ ತತ್ತ್ವವಿದು. ಮುಂದಿನ ಸ್ಪ್ರಿಂಗನ್ನು ಮಾತ್ರ ತಮಗೆ ತೋಚಿದಂತೆ ಬದಲಾಯಿಸುವವರು ಈ ಹೊಂದಾಣಿಕೆಯನ್ನು ಕೆಡಿಸುತ್ತಾರೆ.

ಹಳೆಯ ಕಾರಿನ ಸ್ಪ್ರಿಂಗು ‘ಸತ್ತುಹೋಗಿದೆ’ ಎಂದು ಗ್ಯಾರೇಜುಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಮುರಿದಿದ್ದರೆ ಅಥವಾ ತುಕ್ಕು ತಿಂದಿದ್ದರೆ ಸರಿ. ಇಲ್ಲವಾದರೆ ಈ ಮಾತನ್ನು ಒಪ್ಪುವ ಮೊದಲು ಯೋಚಿಸಬೇಕು. ಸ್ಥಿತಿಸ್ಥಾಪಕತೆಯ ಎಲ್ಲೆಯನ್ನು ಮೀರದ ತನಕ ಉಕ್ಕಿನ ಸ್ಪ್ರಿಂಗು ಕೋಟ್ಯಂತರ ಸಲ ಕುಗ್ಗಿ ಹಿಗ್ಗಿದರೂ ತನ್ನ ಬಿಗಿಯನ್ನು ಬಿಟ್ಟುಕೊಡುವುದಿಲ್ಲ. ವಿದ್ಯಾರ್ಥಿಗಳು ಆಗಾಗ ತಪ್ಪಾಗಿ ತಿಳಿಯುವ ಸಂಗತಿಯೊಂದು ಇಲ್ಲಿದೆ. ನಮ್ಮ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮುಂದೆ ಮಿಶ್ರ ಉಕ್ಕುಗಳಿಗೆ ಹೆಸರಾಯಿತು. ಕ್ರೋಮಿಯಂ, ಮ್ಯಾಂಗನೀಸ್, ಸಿಲಿಕಾನ್ ಮೊದಲಾದವನ್ನು ಬೆರೆಸಿದ ಇಂತಹ ಉಕ್ಕು ಸಾದಾ ಉಕ್ಕಿಗಿಂತ ‘ಗಡುಸು’ ಎನ್ನುತ್ತೇವೆ. ಆದರೆ ತಿರುಚುವಿಕೆಗೆ ಉಕ್ಕು ಒಡ್ಡುವ ಬಿಗಿ ಎಲ್ಲ ಬಗೆಯ ಉಕ್ಕುಗಳಲ್ಲಿಯೂ ಬಹುಮಟ್ಟಿಗೆ ಒಂದೇ, ಸುಮಾರು 80 ಗಿಗಾಪ್ಯಾಸ್ಕಲ್. ಮಿಶ್ರಲೋಹದಿಂದ ಹೆಚ್ಚುವುದು ಶಾಶ್ವತವಾಗಿ ಬಾಗದೆ ತಡೆದುಕೊಳ್ಳುವ ಎಲ್ಲೆ ಮಾತ್ರ. ಸ್ಪ್ರಿಂಗಿನ ಬಿಗಿಯನ್ನು ನಿರ್ಣಯಿಸುವುದು ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುರುಳಿಗಳ ಸಂಖ್ಯೆ. ಕಾರು ನೆಲಕ್ಕೆ ತಗ್ಗಿ ಸುಂದರವಾಗಿ ಕಾಣಲೆಂದು ಆರು ಸುರುಳಿಗಳಲ್ಲಿ ಒಂದನ್ನು ಕತ್ತರಿಸಿ ಹಾಕುವ ಯುವಕರಿದ್ದಾರೆ. ಉಳಿದ ಐದು ಸುರುಳಿಗಳ ಸ್ಪ್ರಿಂಗು ಐದರಲ್ಲೊಂದು ಪಾಲು ಹೆಚ್ಚು ಬಿಗಿಯಾಗುತ್ತದೆ. ಸವಾರಿ ಆ ಮಟ್ಟಿಗೆ ಕೆಡುತ್ತದೆ. ಕುಗ್ಗಲು ಇದ್ದ ಸ್ಥಳವೂ ಕಡಮೆಯಾಗಿ ಪ್ರತಿ ಹೊಂಡದಲ್ಲಿಯೂ ಒಡಲು ತಡೆಗಟ್ಟೆಗೆ ಬಡಿಯುತ್ತದೆ.

ಉಕ್ಕಿನ ಬದಲು ಗಾಳಿಚೀಲಗಳ ಮೇಲೆ ಕೂರಿಸಿದ ಕಾರುಗಳೂ ಉಂಟು. ಭಾರ ಹೆಚ್ಚಿದಂತೆ ಒಳಗಿನ ಒತ್ತಡವನ್ನೂ ಹೆಚ್ಚಿಸುವುದರಿಂದ ಬಿಗಿಯೂ ಜೊತೆಜೊತೆಗೇ ಏರಿ, ಒಬ್ಬರು ಕುಳಿತರೂ ಐವರು ಕುಳಿತರೂ ಆವೃತ್ತಿ ಹೆಚ್ಚು ಕಡಮೆ ಒಂದೇ ಆಗಿ ಉಳಿಯುತ್ತದೆ. ಬಹು ಸೊಗಸಾದ ಉಪಾಯ. ಆದರೆ ಚೀಲ ರಬ್ಬರಿನದು. ರಾತ್ರಿ ನಿಲ್ಲಿಸಿದ ಕಾರು ಬೆಳಗಿನ ಹೊತ್ತಿಗೆ ಒಂದು ಮೂಲೆಯಲ್ಲಿ ಕುಸಿದಿದ್ದರೆ ಚೀಲ ಬಿರುಕು ಬಿಟ್ಟಿದೆಯೆಂದು ಸಂದೇಹಿಸಬೇಕು. ದುರಸ್ತಿಯ ವೆಚ್ಚವನ್ನು ಕಾರು ಕೊಳ್ಳುವ ಮೊದಲೇ ವಿಚಾರಿಸುವುದು ಜಾಣತನ.

ಹೆಸರು ತಪ್ಪಾದ ಒಂದು ಸಾಧನ

‘ಶಾಕ್ ಅಬ್ಸಾರ್ಬರ್’ ಎಂಬ ಹೆಸರು ಲೋಕರೂಢಿಯಲ್ಲಿ ನಿಂತುಬಿಟ್ಟಿದೆ. ಆಘಾತವನ್ನು ಹೀರುವುದು ಎಂದು ಅದರ ಅರ್ಥ. ನಿಜವಾಗಿ ಆಘಾತವನ್ನು ಸ್ವೀಕರಿಸುವುದು ಸ್ಪ್ರಿಂಗು. ಆ ಬಳಿಕ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ಮಾಡುವುದು ಈ ಸಾಧನದ ಕೆಲಸ. ಎಣ್ಣೆ ತುಂಬಿದ ಕೊಳವೆಯೊಳಗೆ ಸಣ್ಣ ರಂಧ್ರಗಳುಳ್ಳ ಕೊಂತವೊಂದು ಚಲಿಸುತ್ತದೆ. ಎಣ್ಣೆ ರಂಧ್ರಗಳ ಮೂಲಕ ನುಸುಳುವಾಗ ಕಂಪನದ ಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. ಇದಕ್ಕೆ ಅವಮಂದನವೆಂದು ಹೆಸರು.

ಸುಸ್ಥಿತಿಯಲ್ಲಿರುವ ಶಾಕ್ ಅಬ್ಸಾರ್ಬರಿನ ಅವಮಂದನವು, ಕುಣಿತವನ್ನು ಒಮ್ಮೆಗೇ ನಿಲ್ಲಿಸಿಬಿಡಲು ಬೇಕಾದುದರ ಹತ್ತರಲ್ಲಿ ಮೂರು ಪಾಲಿನಷ್ಟು ಎಂದಿಟ್ಟುಕೊಳ್ಳೋಣ. ಆಗ ಒಂದೊಂದು ಏರಿಳಿತಕ್ಕೂ ಕಂಪನದ ವಿಸ್ತಾರ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡನೆಯ ಕುಲುಕು ಇದ್ದೂ ಇಲ್ಲದಂತೆ. ಎಣ್ಣೆ ಸೋರಿ ಅವಮಂದನ ಹತ್ತರಲ್ಲಿ ಒಂದು ಪಾಲಿಗೆ ಬಿದ್ದರೆ, ಪ್ರತಿ ಏರಿಳಿತಕ್ಕೂ ವಿಸ್ತಾರ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಒಂದು ಹೊಂಡದ ಕುಣಿತ ಮುಗಿಯುವ ಮೊದಲೇ ಮುಂದಿನ ಹೊಂಡ ಬಂದಿರುತ್ತದೆ.

ಇದು ಸುಖದ ಪ್ರಶ್ನೆ ಮಾತ್ರವಲ್ಲ. ಒಡಲಿನಂತೆ ಚಕ್ರಕ್ಕೂ ತನ್ನದೇ ಆದ ಕುಣಿತವುಂಟು. ನಲವತ್ತೈವತ್ತು ಕಿಲೋಗ್ರಾಂ ತೂಗುವ ಚಕ್ರ ಮತ್ತು ಅದರ ಜೋಡಣೆಗಳು, ಬಿಗಿಯಾದ ಸ್ಪ್ರಿಂಗಿನಂತೆ ವರ್ತಿಸುವ ಟಯರಿನ ಮೇಲೆ ಸೆಕೆಂಡಿಗೆ 10ರಿಂದ 15 ಸಲ ಕುಣಿಯಬಲ್ಲವು. ಅದನ್ನು ಅಡಗಿಸುವುದೂ ಇದೇ ಶಾಕ್ ಅಬ್ಸಾರ್ಬರ್. ಅದು ಸೋತಾಗ ಚಕ್ರ ರಸ್ತೆಯನ್ನು ಕ್ಷಣಕ್ಷಣಕ್ಕೂ ಬಿಟ್ಟು ನೆಗೆಯುತ್ತದೆ. ನೆಲವನ್ನು ಮುಟ್ಟದ ಚಕ್ರಕ್ಕೆ ಬ್ರೇಕು ಹಿಡಿದು ಫಲವೇನು? ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಳೆಗಾಲದಲ್ಲಿ ಇಳಿಯುವವರು, ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ ದುರಸ್ತಿಯನ್ನು ಮುಂದೂಡಬಾರದು. ಬದಲಾಯಿಸುವಾಗ ಒಂದು ಅಚ್ಚಿನ ಎರಡನ್ನೂ ಕೂಡಿಯೇ ಬದಲಾಯಿಸತಕ್ಕದ್ದು.

ರಸ್ತೆಯ ಉಬ್ಬುಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ದುಂಡುಬೆನ್ನಿನ ಉಬ್ಬು 17 ಮೀಟರ್ ತ್ರಿಜ್ಯದ ವೃತ್ತದ ತುಣುಕಾಗಿದ್ದು, 3.7 ಮೀಟರ್ ಅಗಲ ಮತ್ತು 10 ಸೆಂ.ಮೀ. ಎತ್ತರವಿರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಇದನ್ನು ದಾಟಲು ಸೆಕೆಂಡಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಅರ್ಧ ಅಲೆಗೆ ಅರ್ಧ ಸೆಕೆಂಡು, ಅಂದರೆ ಸುಮಾರು ಒಂದು ಹರ್ಟ್ಸ್; ಕಾರಿನ ಒಡಲು ನಿಧಾನವಾಗಿ ಎದ್ದು ಇಳಿಯುತ್ತದೆ. ನಮ್ಮ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಕಾಣಸಿಗುವ ಉಬ್ಬುಗಳು ಹಲವು ಸಲ ಮೊಳದಷ್ಟು ಅಗಲದವು. 40 ಸೆಂ.ಮೀ. ಅಗಲದ ಅಂತಹ ದಿಂಡನ್ನು ಅದೇ ವೇಗದಲ್ಲಿ ದಾಟಿದರೆ ಆವೃತ್ತಿ ಒಂಬತ್ತು ಹರ್ಟ್ಸಿನ ಸಮೀಪಕ್ಕೆ ಏರುತ್ತದೆ. ಬೆನ್ನೆಲುಬಿಗೆ ಆಗದ ಶ್ರೇಣಿಗೂ ಚಕ್ರದ ಕುಣಿತದ ಶ್ರೇಣಿಗೂ ನಡುವೆ ಅದು ಬಂದು ನಿಲ್ಲುತ್ತದೆ. ಎಂತಹ ಕಾರಾದರೂ ಅಲ್ಲಿ ಸೋಲಲೇಬೇಕು. ಆ ಪೆಟ್ಟಿಗೆ ಕಾರನ್ನು ದೂರುವುದು ಅನ್ಯಾಯ.

ಮುಪ್ಪು ಬರುವುದು ರಬ್ಬರಿಗೆ

ಹತ್ತು ವರ್ಷಗಳಲ್ಲಿ ಉಕ್ಕು ಮುದಿಯಾಗದಿದ್ದರೆ ಮುದಿಯಾಗುವುದು ಯಾವುದು? ರಬ್ಬರು. ಇಂಜಿನ್ನನ್ನು ಹೊತ್ತ ಮೌಂಟಿಂಗ್‌ಗಳು, ಚಕ್ರದ ತೋಳುಗಳ ಕೀಲುಗಳಲ್ಲಿರುವ ಬುಷ್ಷುಗಳು, ಬಾಗಿಲಿನ ಬೀಡಿಂಗು, ಟಯರು, ಇವೆಲ್ಲವೂ ರಬ್ಬರೇ. ಗಂಧಕದೊಡನೆ ಕಾಯಿಸಿ ಹದಗೊಳಿಸಿದ ರಬ್ಬರಿನಲ್ಲಿ ಉದ್ದುದ್ದವಾದ ಅಣುಸರಪಳಿಗಳು ಅಲ್ಲಲ್ಲಿ ಮಾತ್ರ ಬೆಸೆದುಕೊಂಡಿರುತ್ತವೆ. ಇಂಜಿನ್ನಿನ ಬಿಸಿಯಲ್ಲಿ ಗಾಳಿಯ ಆಮ್ಲಜನಕ ಅದರೊಳಕ್ಕೆ ಸೇರಿ ವರ್ಷಗಳುದ್ದಕ್ಕೂ ಹೊಸ ಬೆಸುಗೆಗಳನ್ನು ಹಾಕುತ್ತ ಹೋಗುತ್ತದೆ, ರಬ್ಬರು ಪೆಡಸಾಗುತ್ತದೆ. ಎಳೆತಕ್ಕೆ ಸಿಕ್ಕ ರಬ್ಬರನ್ನು ಗಾಳಿಯಲ್ಲಿನ ಅತ್ಯಲ್ಪ ಓಜೋನ್ ಕೂಡ ಸೀಳುತ್ತದೆ. ಓಡಿಸದೆ ನಿಲ್ಲಿಸಿದ ಕಾರಿನಲ್ಲಿಯೂ ಇದು ನಡೆಯುತ್ತಿರುತ್ತದೆ. ಆದುದರಿಂದ ‘ಕಡಮೆ ಓಡಿದ ಗಾಡಿ’ ಎಂಬ ಮಾತಿಗೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ.

ಪೆಡಸಾದರೆ ಏನಾಯಿತು ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಂತಲ್ಲಿ ನಿಮಿಷಕ್ಕೆ 750 ಸುತ್ತು ತಿರುಗುತ್ತಿದೆಯೆನ್ನಿ. ಅದು ಸೆಕೆಂಡಿಗೆ ಹನ್ನೆರಡೂವರೆ ಸುತ್ತು; ಸುತ್ತಿಗೆ ಎರಡು ಸಿಡಿತ; ಆದ್ದರಿಂದ ಅದು ಕೊಡುವ ಅದುರು 25 ಹರ್ಟ್ಸ್. ಹೊಸ ಮೌಂಟಿಂಗ್‌ಗಳ ಮೇಲೆ ಆ ಇಂಜಿನ್ನಿನ ಸಹಜ ಆವೃತ್ತಿ 10 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ಎರಡರ ಅನುಪಾತ ಎರಡೂವರೆ. ಅದರ ವರ್ಗದಿಂದ ಒಂದನ್ನು ಕಳೆದರೆ ಐದೂಕಾಲು. ಒಡಲಿಗೆ ದಾಟುವ ಬಲ ಐದೂಕಾಲರಲ್ಲಿ ಒಂದು ಪಾಲು ಮಾತ್ರ, ಎಂದರೆ ನೂರಕ್ಕೆ ಹತ್ತೊಂಬತ್ತು. ರಬ್ಬರಿನ ಬಿಗಿ ಎರಡೂಕಾಲು ಪಟ್ಟಾದರೆ ಸಹಜ ಆವೃತ್ತಿ 15ಕ್ಕೆ ಏರಿ ನೂರಕ್ಕೆ 56 ಪಾಲು ಒಳಗೆ ಬರುತ್ತದೆ. ನಾಲ್ಕು ಪಟ್ಟಾದರೆ ಸಹಜ ಆವೃತ್ತಿ 20ಕ್ಕೆ ಏರಿ 25ನ್ನು ಸಮೀಪಿಸುತ್ತದೆ. ಆಗ ದಾಟುವುದು ನೂರಕ್ಕೆ 178! ತಡೆಯಬೇಕಾದ ಮೌಂಟಿಂಗೇ ಅದುರನ್ನು ಹಿಗ್ಗಿಸಿ ಕಳುಹಿಸುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಜೀಕು ಹೆಚ್ಚುವಂತೆ, ಇದೇ ಅನುರಣನ. ರಬ್ಬರಿನ ಒಳಘರ್ಷಣೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆದರೂ ಒಟ್ಟು ಚಿತ್ರ ಬದಲಾಗದು.

ಪರಿಚಿತರ ಕಾರಿನಲ್ಲಿ ಹುಡುಕಾಟ ನಡೆದದ್ದು ಹೀಗೆ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದವರು ಉಚಿತವಾಗಿ ಕೊಡುವ ‘ಫೈಫಾಕ್ಸ್’ ಎಂಬ ಮೊಬೈಲು ತಂತ್ರಾಂಶವಿದೆ. ಫೋನಿನೊಳಗಿನ ವೇಗೋತ್ಕರ್ಷ ಮಾಪಕದಿಂದ ಕಂಪನವನ್ನು ಅಳೆದು ಯಾವ ಆವೃತ್ತಿ ಎಷ್ಟಿದೆಯೆಂಬ ನಕ್ಷೆಯನ್ನು ಅದು ಬರೆದು ತೋರಿಸುತ್ತದೆ. ಕಾಲೇಜಿನ ಯಾವ ವಿದ್ಯಾರ್ಥಿಯೂ ಇದನ್ನು ಬಳಸಬಹುದು. ಫೋನನ್ನು ನೋಡುವವನು ಚಾಲಕನಾಗಿರಕೂಡದು, ಅಷ್ಟೇ. ಕಾರು ನಿಂತಿರುವಾಗ 25 ಹರ್ಟ್ಸಿನಲ್ಲಿ ಎತ್ತರವಾದ ಒಂದು ಶಿಖರ ಕಾಣಿಸಿತು. ಭದ್ರಾವತಿಯ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ 90 ಕಿ.ಮೀ. ಸಮೀಪದಲ್ಲಿ ಮಾತ್ರ 12 ಹರ್ಟ್ಸಿನ ಬಳಿ ಮತ್ತೊಂದು ಶಿಖರ ಎದ್ದು, ವೇಗ 70ಕ್ಕೆ ಇಳಿದಾಗ ಮಾಯವಾಯಿತು. ಅದೇ ವೇಗದಲ್ಲಿ ಗೇರು ಬದಲಾಯಿಸಿದರೂ ಅದು ಕದಲಲಿಲ್ಲ. ಇಂಜಿನ್ನಿನ ಸುತ್ತು ಬದಲಾದರೂ ಕದಲದ ಕಂಪನ ಇಂಜಿನ್ನಿನದಾಗಿರಲಾರದು, ಅದು ಚಕ್ರದ್ದು. ಸಣ್ಣ ಉಬ್ಬುಗಳಲ್ಲಿ ಕೇಳಿಬರುತ್ತಿದ್ದ ‘ಧಡ್’ ಎಂಬ ಸದ್ದಿಗೆ ಕಾರಣವನ್ನು ಫೋನು ಹೇಳಲಿಲ್ಲ. ಕಾರನ್ನು ಮೇಲೆತ್ತಿ ಮುಂದಿನ ತೋಳನ್ನು ಸನ್ನೆಕೋಲಿನಿಂದ ಅಲುಗಿಸಿದ ಮೆಕ್ಯಾನಿಕ್ಕು ಹೇಳಿದನು. ಬುಷ್ಷು ಅರ್ಧ ಸುತ್ತಿನಷ್ಟು ಸೀಳಿತ್ತು. ಕಾರಿನ ತುಂಬ ಶೀಟು ಅಂಟಿಸಿದ್ದರೆ ಈ ಮೂರರಲ್ಲಿ ಒಂದೂ ಗುಣವಾಗುತ್ತಿರಲಿಲ್ಲ.

ಚಕ್ರದ ಮಾತು

90 ಕಿ.ಮೀ. ವೇಗದಲ್ಲಿ ಮಾತ್ರ ಏಕೆ? ಕಾರಿನ ಟಯರಿನ ಸುತ್ತಳತೆ 2.13 ಮೀಟರ್. ಆ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಚಕ್ರದ ಕುಣಿತದ ಸಹಜ ಆವೃತ್ತಿಯೂ ಅದೇ ನೆರೆಯಲ್ಲಿದೆಯೆಂದು ಮೇಲೆ ಹೇಳಿದೆ. ಚಕ್ರದ ಅಂಚಿನಲ್ಲಿ ಒಂದೆಡೆ 10 ಗ್ರಾಂ ಹೆಚ್ಚಿದ್ದರೂ ಸಾಕು. ಕೇಂದ್ರದಿಂದ 20 ಸೆಂ.ಮೀ. ದೂರದಲ್ಲಿ ಅದು ಸುತ್ತಿಗೊಮ್ಮೆ ತನ್ನ ತೂಕದ ನೂರಕ್ಕೂ ಹೆಚ್ಚು ಪಟ್ಟು ಬಲದಿಂದ ಚಕ್ರವನ್ನು ಎಳೆದಾಡುತ್ತದೆ. ವೀಲ್ ಬ್ಯಾಲೆನ್ಸಿಂಗ್ ಎಂದು ಅಂಚಿಗೆ ಸೀಸದ ಅಥವಾ ಕಬ್ಬಿಣದ ಸಣ್ಣ ಬಿಲ್ಲೆಗಳನ್ನು ಅಂಟಿಸುವುದು ಇದಕ್ಕಾಗಿಯೇ. ಇಡೀ ಚಿಕಿತ್ಸೆಯಲ್ಲಿ ಅತಿ ಅಗ್ಗವಾದ ಕೆಲಸ ಇದು; ಮೊದಲು ಮಾಡಿಸಬೇಕಾದದ್ದೂ ಇದೇ.

ಟಯರಿನ ಪಕ್ಕೆಯ ಮೇಲೆ ಅಚ್ಚಾಗಿರುವ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಅದು ತಯಾರಾಯಿತೆಂದು ತಿಳಿಯಬೇಕು. ಗೆರೆಗಳು ಸವೆಯದೆ ಉಳಿದಿದ್ದರೂ ಏಳೆಂಟು ವರ್ಷದ ಟಯರು ಪೆಡಸಾಗಿ ಒದರುತ್ತದೆ. ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. 17 ಅಂಗುಲದ ರಿಮ್ಮಿನ ಮೇಲೆ 225/55 ಅಳತೆಯ ಟಯರಿನ ಪಕ್ಕೆ 124 ಮಿಲಿಮೀಟರ್ ಎತ್ತರ; ಚೆಲುವಿಗಾಗಿ ಹಾಕಿಸುವ 19 ಅಂಗುಲದ ರಿಮ್ಮಿನ ಮೇಲೆ 245/40 ಟಯರಿನದು 98 ಮಾತ್ರ. ಹೊರಗಿನ ವ್ಯಾಸ ಎರಡಕ್ಕೂ ಒಂದೇ. ಹೊಂಡದ ಅಂಚನ್ನು ನುಂಗುವ ಗಾಳಿಯ ಮೆತ್ತೆ ಐದರಲ್ಲೊಂದು ಪಾಲು ತೆಳುವಾಯಿತೆಂದು ಅರ್ಥ. ಹಿಂದಿನ ಮಾಲೀಕರು ರಿಮ್ಮು ಬದಲಾಯಿಸಿದ್ದರೆ ಕಾರ್ಖಾನೆಯ ಸಣ್ಣ ಅಳತೆಗೆ ಮರಳುವುದರಿಂದ ಸವಾರಿ ಎಷ್ಟೋ ಸುಧಾರಿಸುತ್ತದೆ. ಗಾಳಿ ಹೋದರೂ ಓಡಬಲ್ಲ ‘ರನ್ ಫ್ಲಾಟ್’ ಟಯರುಗಳ ಪಕ್ಕೆ ಸಹಜವಾಗಿಯೇ ಗಟ್ಟಿ. ಅವನ್ನು ಬಿಟ್ಟು ಸಾಮಾನ್ಯ ಟಯರು ಹಾಕಿದರೆ ಮೆತ್ತಗಾಗುವುದು ನಿಜ. ಆದರೆ ಅಂತಹ ಕಾರುಗಳಲ್ಲಿ ಹಲವು ಸಲ ಸ್ಟೆಪ್ನಿಗೆ ಜಾಗವೇ ಇರುವುದಿಲ್ಲವೆಂಬುದನ್ನು ಮರೆಯಬಾರದು. ಗಾಳಿ ಕಡಮೆ ಮಾಡಿ ಸುಖ ಪಡೆಯುವ ಉಪಾಯವಂತೂ ಬೇಡವೇ ಬೇಡ. ಪಕ್ಕೆ ಅತಿಯಾಗಿ ಬಾಗಿ ಬಿಸಿಯೇರಿದ ಟಯರು ಹೆದ್ದಾರಿಯಲ್ಲಿ ಸಿಡಿಯಬಹುದು.

ಟಯರಿನೊಳಗಿನ ಗಾಳಿಗೂ ಒಂದು ಸ್ವರವುಂಟು! ಉಂಗುರದಂತಿರುವ ಆ ಗಾಳಿಯ ಸರಾಸರಿ ಸುತ್ತಳತೆ ಸುಮಾರು 1.75 ಮೀಟರ್. ಶಬ್ದದ ವೇಗವನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 200 ಹರ್ಟ್ಸ್ ಬರುತ್ತದೆ. ರಸ್ತೆಯ ಸೀಳುಗಳನ್ನು ದಾಟುವಾಗ ಕೇಳುವ ‘ಟಂಯ್’ ಎಂಬ ಟೊಳ್ಳು ದನಿ ಅದೇ.

ಸದ್ದಿನ ಅಂಕಗಣಿತ

ಸದ್ದಿನ ಮಾನವಾದ ಡೆಸಿಬೆಲ್ ನಮ್ಮ ದಿನನಿತ್ಯದ ಕೂಡಿಸುವಿಕೆಗೆ ಒಗ್ಗದು. 70 ಡೆಸಿಬೆಲ್ಲಿನ ಟಯರಿನ ಸದ್ದೂ 60 ಡೆಸಿಬೆಲ್ಲಿನ ಬೇರೊಂದು ಸದ್ದೂ ಕೂಡಿದರೆ 130 ಆಗುವುದಿಲ್ಲ, 70.4 ಆಗುತ್ತದೆ. ಆದುದರಿಂದ ಎಷ್ಟೇ ಖರ್ಚು ಮಾಡಿ ಆ ಎರಡನೆಯ ಸದ್ದನ್ನು ನಿಶ್ಶೇಷವಾಗಿ ಅಡಗಿಸಿದರೂ ಉಳಿತಾಯ 0.4 ಡೆಸಿಬೆಲ್, ಕಿವಿಗೆ ಅದು ತಿಳಿಯುವುದೇ ಇಲ್ಲ. ಅತಿ ದೊಡ್ಡ ಸದ್ದನ್ನು ಮೊದಲು ಹಿಡಿಯಬೇಕು. ಅದು ಅಡಗಿದಾಗ, ಅದುವರೆಗೆ ಅದರ ಮರೆಯಲ್ಲಿದ್ದ ಇನ್ನೊಂದು ತಲೆಯೆತ್ತುತ್ತದೆ. ರಿಪೇರಿಯಾದ ಕಾರಿನಲ್ಲಿ ‘ಹೊಸ ಸದ್ದು’ ಹುಟ್ಟಿತೆಂದು ಜನ ಗಾಬರಿಪಡುವುದು ಇದರಿಂದಲೇ. ಓಗಿಲ್ವಿಯವರ ಗಡಿಯಾರದ ಗುಟ್ಟೂ ಇದೇ.

ಇನ್ನು ಶೀಟುಗಳ ವಿಚಾರ. ಇವು ಗೋಡೆಯಂತೆ ಸದ್ದನ್ನು ತಡೆಯುತ್ತವೆಂಬ ಭಾವನೆ ಬಹಳ ಮಂದಿಗಿದೆ. ತಡೆಯುವುದು ತೂಕ. ಹಲಗೆಯ ತೂಕ ಇಮ್ಮಡಿಯಾದರೆ ತಡೆ 6 ಡೆಸಿಬೆಲ್ ಹೆಚ್ಚುತ್ತದೆ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 8 ಕಿಲೋಗ್ರಾಂ ತೂಗುತ್ತದೆ. ಅದನ್ನು ಇಮ್ಮಡಿಸಲು ಅಷ್ಟೇ ತೂಕದ ಶೀಟು ಬೇಕು. ಅಲ್ಲದೆ ಆವೃತ್ತಿ ಕಡಮೆಯಾದಂತೆ ಈ ತಡೆಯೂ ಕುಗ್ಗುವುದರಿಂದ ಇಂಜಿನ್ನಿನ ಗುಡುಗಿಗೆ ಅದು ನಿರುಪಯೋಗಿ. ಶೀಟಿನ ನಿಜವಾದ ಕೆಲಸ ಬೇರೆ. ಬಾಗಿಲಿನ ಅಗಲವಾದ ತಗಡು ತಮಟೆಯ ಚರ್ಮದಂತೆ ಮೊಳಗುತ್ತದೆ. ಅದರ ನಡುವೆ ಅಂಟಿಸಿದ ಅಲ್ಯುಮಿನಿಯಂ ಮುಖದ ಬ್ಯೂಟೈಲ್ ರಬ್ಬರು, ತಗಡು ಬಾಗಿದಾಗಲೆಲ್ಲ ಎರಡು ಲೋಹಗಳ ನಡುವೆ ಜಗ್ಗಿ ಶಕ್ತಿಯನ್ನು ಉಷ್ಣವಾಗಿ ಕಳೆಯುತ್ತದೆ. ತಮಟೆಯ ನಡುವೆ ಅಂಗೈ ಇಟ್ಟಂತೆ. ಅದಕ್ಕೆ ಪ್ರತಿ ತಗಡಿನ ಮಧ್ಯಭಾಗದ ಕಾಲುಭಾಗದಷ್ಟನ್ನು ಮುಚ್ಚಿದರೆ ಬಹುಪಾಲು ಪ್ರಯೋಜನ ದೊರೆಯುತ್ತದೆ. ಮೂಲೆಮೂಲೆಗೂ ಅಂಟಿಸುವುದು ಅಂಗಡಿಯವರಿಗೆ ಲಾಭ.

ಮಲೆನಾಡಿನ ಕಾರುಗಳಿಗೆ ವಿಶೇಷವಾದ ತೊಂದರೆಯೊಂದಿದೆ. ಮುಂದಿನ ಗಾಜಿನ ಬುಡದಲ್ಲಿ ಮಳೆನೀರು ಹರಿದುಹೋಗುವ ಕಿಂಡಿಗಳು ಮರಗಳ ತರಗೆಲೆಯಿಂದ ಕಟ್ಟಿಕೊಳ್ಳುತ್ತವೆ. ನೀರು ಒಳಗೆ ಇಳಿದು ನೆಲಹಾಸಿನ ಕೆಳಗಿನ ದಪ್ಪ ಮೆತ್ತೆಯನ್ನು ನೆನೆಸುತ್ತದೆ. ಆ ಮೆತ್ತೆ ಸದ್ದನ್ನು ಹೀರುವುದು ತನ್ನ ಸೂಕ್ಷ್ಮ ರಂಧ್ರಗಳಲ್ಲಿನ ಗಾಳಿಯಿಂದ. ರಂಧ್ರಗಳಲ್ಲಿ ನೀರು ತುಂಬಿದ ಮೇಲೆ ಹೀರುವುದೆಲ್ಲಿಂದ ಬಂತು? ಮಳೆಗಾಲ ಕಳೆದ ಮೇಲೆ ನೆಲಹಾಸನ್ನು ಎತ್ತಿ ಒಣಗಿಸುವುದು ಬಿಡಿಕಾಸಿನ ಖರ್ಚಿಲ್ಲದ ಚಿಕಿತ್ಸೆ.

ಕೊನೆಗೆ ಉಳಿಯುವುದು ಗಾಳಿಯ ಸದ್ದು. ಗಾಳಿಯು ಕನ್ನಡಿ, ಕಂಬ, ಬಾಗಿಲ ಸಂದುಗಳ ಮೇಲೆ ಹಾಯುವಾಗ ಹುಟ್ಟುವ ಇದರ ಶಕ್ತಿ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 80 ಕಿ.ಮೀ.ಗಿಂತ 120 ಕಿ.ಮೀ. ಒಂದೂವರೆ ಪಟ್ಟು ಮಾತ್ರ. ಸದ್ದಿನ ಶಕ್ತಿ ಮಾತ್ರ ಹನ್ನೊಂದು ಪಟ್ಟು. ಇದನ್ನು ತಡೆಯುವುದು ಬಾಗಿಲಿನ ಬೀಡಿಂಗು. ಬಾಗಿಲಿನ ನೂರರಲ್ಲಿ ಒಂದು ಪಾಲಿನಷ್ಟು ಜಾಗ ತೆರೆದಿದ್ದರೂ ಆ ಬಾಗಿಲು 20 ಡೆಸಿಬೆಲ್ಲಿಗಿಂತ ಹೆಚ್ಚು ತಡೆಯಲಾರದು, ಅದಕ್ಕೆ ಎಷ್ಟೇ ಶೀಟು ಹೊದಿಸಿರಲಿ. ಪರೀಕ್ಷೆ ಸುಲಭ: ನೋಟುಬುಕ್ಕಿನ ಹಾಳೆಯ ಪಟ್ಟಿಯೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲನೆ ಎಳೆಯಬೇಕು. ಬಿಗಿಯಾಗಿ ಹಿಡಿದುಕೊಂಡರೆ ಅಲ್ಲಿ ಬೀಡಿಂಗು ಸರಿಯಾಗಿದೆ. ಸರಾಗವಾಗಿ ಜಾರಿಬಂದರೆ ಅಲ್ಲಿ ರಬ್ಬರು ಕುಗ್ಗಿದೆ. ಬಾಗಿಲಿನ ಸುತ್ತ ಗೇಣಿಗೊಂದರಂತೆ ಹೀಗೆ ನೋಡುತ್ತ ಬಂದಾಗ ಪರಿಚಿತರ ಕಾರಿನಲ್ಲಿ ಪಟ್ಟಿ ಜಾರಿದ್ದು ಚಾಲಕನ ಬಾಗಿಲಿನ ಮೇಲ್ಮೂಲೆಯಲ್ಲಿ, ಅವನ ಕಿವಿಗೆ ನೇರವಾಗಿ.